ಬೆಂಗಳೂರಿಗೆ ಐದು ಜನ, ಮೂರು ದಿನ: ಲೆಕ್ಕಕ್ಕೆ ಸಿಗದ ಖರ್ಚು ಯಾವುದು?

ಹಾವೇರಿಯಿಂದ ಕೇಳಿದವರು

ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, 13 ಮತ್ತು 7 ವರ್ಷದ ಮಕ್ಕಳು, ಅತ್ತೆ. ಅತ್ತೆಗೆ ಮೊಣಕಾಲು ನೋವು. ಸೋಮವಾರ ಬೆಳಗಿನ ಜಾವ ಇಳಿದು ಬುಧವಾರ ರಾತ್ರಿ ವಾಪಸ್. ಸೋಮವಾರ ಲಾಲ್‌ಬಾಗ್, ಮಂಗಳವಾರ ಬನ್ನೇರುಘಟ್ಟ, ಬುಧವಾರ ವಿಶ್ವೇಶ್ವರಯ್ಯ ಮ್ಯೂಸಿಯಂ. ರೈಲು ಟಿಕೆಟ್ ಆಗಿದೆ. ಮೆಜೆಸ್ಟಿಕ್ ಹತ್ತಿರ ರೂಮೂ ಆಗಿದೆ. ಇವೆರಡು ಬಿಟ್ಟು ಕೈಯಲ್ಲಿ 12,000 ಇದೆ. ಹೋಗಿ ಬಂದವರೆಲ್ಲ "ಅಂದುಕೊಂಡದ್ದಕ್ಕಿಂತ ಡಬಲ್ ಆಯ್ತು" ಅನ್ನುತ್ತಾರೆ. ಆ ಡಬಲ್ ಎಲ್ಲಿಂದ ಬರುತ್ತದೆ? ನಿಮ್ಮ ಅನುಭವ ಹೇಳಿ.

ಹುಬ್ಬಳ್ಳಿ, ವಿದ್ಯಾನಗರ

ಎಲ್ಲಿಂದ ಬರುತ್ತದೆ ಅಂದರೆ, ರೈಲು ಇಳಿದ ಮೊದಲ ಅರ್ಧ ಗಂಟೆಯಲ್ಲಿ ಬರುತ್ತದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಡಿಸೆಂಬರ್. ನಾವು ಆರು ಜನ. ಮೆಜೆಸ್ಟಿಕ್‌ಗೆ ಹೋಗುವ ಯಾವ ರೈಲಿನಲ್ಲೂ ಸೀಟು ಸಿಗಲಿಲ್ಲ. ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಹೋಗುವ ರೈಲಿನಲ್ಲಿ ಸಿಕ್ಕಿತು. ಬೆಂಗಳೂರು ಬೆಂಗಳೂರೇ ಅಲ್ವಾ ಎಂದು ಬುಕ್ ಮಾಡಿದೆ. ಬೆಳಗ್ಗೆ ನಾಲ್ಕೂವರೆಗೆ ಇಳಿದೆವು. ನಮ್ಮ ರೂಮ್ ಬನಶಂಕರಿಯಲ್ಲಿ, 17 ಕಿಲೋಮೀಟರ್. ಮೆಟ್ರೋ ಇನ್ನೂ ಶುರುವಾಗಿಲ್ಲ. ಶುರುವಾಗಿದ್ದರೂ ಸಾಮಾನು ಹೊತ್ತು ನಡೆಯುವಷ್ಟು ಹತ್ತಿರ ಇಲ್ಲ.

ಮೀಟರ್ ಲೆಕ್ಕ ನನಗೆ ಬಾಯಿಪಾಠ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. 17 ಕಿ.ಮೀ.ಗೆ ಹಗಲಾದರೆ 306, ರಾತ್ರಿಯಾದರೆ 459. ನಮಗೆ ಹೇಳಿದ್ದು ಆಟೋಕ್ಕೆ 700. ಒಂದು ಆಟೋದಲ್ಲಿ ಮೂರೇ ಜನ, ಹಾಗಾಗಿ ಎರಡು ಆಟೋ, 1,400. ಚಿಕ್ಕ ಮಗಳು ಚಳಿಗೆ ನಡುಗುತ್ತಿದ್ದಳು. ಕೊಟ್ಟೆ. ಆರು ಜನರ ಸ್ಲೀಪರ್ ಟಿಕೆಟ್‌ನ ಮುಕ್ಕಾಲು ಪಾಲು ಆ ಒಂದು ಸವಾರಿಗೇ ಹೋಯಿತು.

ಮುಗಿಯಲಿಲ್ಲ. ರೂಮ್ ಕೊಡುವುದು ಮಧ್ಯಾಹ್ನ 12ಕ್ಕೆ. ಐದೂಕಾಲಿಗೆ ಬಾಗಿಲು ತಟ್ಟಿದರೆ "ಅರ್ಲಿ ಚೆಕ್-ಇನ್ 800" ಅಂದರು. ಎರಡು ರೂಮ್, 1,600. ಬೆಳಗಾಗುವುದರೊಳಗೆ 3,000 ಹೋಗಿತ್ತು. ಒಂದು ಚಹಾ ಕೂಡ ಕುಡಿದಿರಲಿಲ್ಲ.

ವಾಪಸ್ ಹೋಗುವಾಗ ಮತ್ತೆ 1,300. ಟಿಕೆಟ್ ತೆಗೆಯುವಾಗ ಕೊನೆಯ ನಿಲ್ದಾಣದ ಹೆಸರು ಓದಿ. ಅಷ್ಟೇ ನಾನು ಹೇಳುವುದು.

ಗದಗ, ಬೆಟಗೇರಿ

ಅಣ್ಣಾ, ಐದು ಗಂಟೆಯವರೆಗೆ ಸ್ಟೇಷನ್‌ನಲ್ಲಿ ಕೂತಿದ್ದರೆ ಒಂದೂವರೆ ಪಟ್ಟು ತಪ್ಪುತ್ತಿತ್ತು.

ನಾನು ಟೇಲರಿಂಗ್ ಮಾಡುತ್ತೇನೆ. ನಮ್ಮ ಮನೆಯಲ್ಲಿ ಟ್ರಿಪ್ ಅಂದರೆ ಆರು ತಿಂಗಳು ಡಬ್ಬಿಗೆ ಹಾಕಿದ ರೊಕ್ಕ. ಕಳೆದ ವರ್ಷ ಹೋಗಿದ್ದು ನಾನು, ಅತ್ತೆ, ಮಗಳು, ನಮ್ಮ ಯಜಮಾನರು. ಶಕ್ತಿ ಯೋಜನೆಯಲ್ಲಿ ನಮ್ಮ ಮೂವರಿಗೆ ಟಿಕೆಟ್ ಇಲ್ಲ. ಯಜಮಾನರದ್ದೊಂದೇ ಟಿಕೆಟ್. ಬೆಂಗಳೂರೊಳಗೂ ಸಾಮಾನ್ಯ ಬಿಎಂಟಿಸಿಯಲ್ಲಿ ನಮಗೆ ಫ್ರೀ. ಅವರಿಗೆ ದಿನಕ್ಕೆ 80 ರೂಪಾಯಿಯ ಪಾಸ್. ಎರಡು ದಿನ ಊರೆಲ್ಲಾ ಸುತ್ತಲು ಪಾಸಿಗೆ ಕೊಟ್ಟದ್ದು 160 ಮಾತ್ರ. ಇದನ್ನು ಹೇಳಲು ನನಗೆ ಹೆಮ್ಮೆ.

ಆದರೆ ಕೇಳಿ, ಅದರಲ್ಲೂ ಒಂದು ಕಡೆ ಪೆಟ್ಟು ಬಿತ್ತು. ಫ್ರೀ ಇರುವುದು ಕೆಂಪು ಬಸ್ಸಿಗೆ. ರಾಜಹಂಸಕ್ಕಿಲ್ಲ, ಸ್ಲೀಪರ್‌ಗಿಲ್ಲ, ಎಸಿ ಬಸ್ಸಿಗಿಲ್ಲ. ಬೆಂಗಳೂರಿನಲ್ಲಿ ಗಡಿಬಿಡಿಯಲ್ಲಿ ವಜ್ರ ಎಂಬ ಎಸಿ ಬಸ್ ಹತ್ತಿಬಿಟ್ಟೆವು. ಆಧಾರ್ ತೋರಿಸಿದರೆ ಕಂಡಕ್ಟರ್ ತಲೆ ಅಲ್ಲಾಡಿಸಿದರು. ನಾಲ್ಕೂ ಜನಕ್ಕೆ ಟಿಕೆಟ್ ತೆಗೆದೆವು. ಇನ್ನೊಂದು, ಹೋಗುವಾಗ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿದಾಗ ಸೀಟು ಸಿಗಲಿಲ್ಲ. ಅತ್ತೆಯನ್ನು ದಾವಣಗೆರೆವರೆಗೆ ನಮ್ಮ ಬ್ಯಾಗಿನ ಮೇಲೆ ಕೂರಿಸಿದೆ. ಅವರ ಸೊಂಟಕ್ಕೆ ಮುಲಾಮು, ಮಾತ್ರೆ, ಡಾಕ್ಟರ್ ಫೀ ಸೇರಿ 640 ಆಯಿತು. ಆ 640 ಕೂಡ ಟ್ರಿಪ್ ಖರ್ಚೇ.

ರಾಣೆಬೆನ್ನೂರು

ಫ್ರೀ ಫ್ರೀ ಎಂದು ಹೆಮ್ಮೆ ಪಡುತ್ತೀರಿ. ಆ ಫ್ರೀ ನಮ್ಮ ಟಿಕೆಟ್‌ನಲ್ಲಿ ಸೇರಿದೆ. 2025ರ ಜನವರಿ 5ರಿಂದ ಬಸ್ ದರ 15% ಏರಿತು. ನಾನು ವಾರಕ್ಕೆರಡು ಸಲ ದಾವಣಗೆರೆಗೆ ಹೋಗುವವನು. ಅದು ಯಾರ ಜೇಬಿನಿಂದ?

ಗದಗ, ಬೆಟಗೇರಿ

ನನ್ನ ಯಜಮಾನರೂ ಅದೇ ಏರಿದ ದರ ಕೊಟ್ಟೇ ಬಂದರು. ನಾನು ದಿನಕ್ಕೆ ಹತ್ತು ತಾಸು ಮಿಷನ್ ತುಳಿಯುತ್ತೇನೆ. ದಾರ ತಂದರೂ ತೆರಿಗೆ ಕೊಡುತ್ತೇನೆ, ಸೂಜಿ ತಂದರೂ ಕೊಡುತ್ತೇನೆ. ನನ್ನ ಅತ್ತೆ 68ನೇ ವಯಸ್ಸಿನಲ್ಲಿ ಮೊದಲ ಸಲ ವಿಧಾನಸೌಧ ನೋಡಿದರು. ಅದನ್ನು ಯಾರೂ ನನ್ನ ಹತ್ತಿರ ಕೆಟ್ಟದ್ದು ಎಂದು ಹೇಳಬೇಡಿ.

ರಾಣೆಬೆನ್ನೂರು

ನಿಮ್ಮ ಅತ್ತೆಯ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ದರದ ಬಗ್ಗೆ ಹೇಳಿದೆ.

ಶಿಗ್ಗಾವಿ

ಒಂದೇ ಮಾತು. ತತ್ಕಾಲ್ ಟಿಕೆಟ್ ಕನ್ಫರ್ಮ್ ಆದಮೇಲೆ ರದ್ದು ಮಾಡಿದರೆ ಒಂದು ಪೈಸೆ ವಾಪಸ್ ಬರುವುದಿಲ್ಲ. ಹೊರಡುವ ದಿನ ಮಗನಿಗೆ 103 ಜ್ವರ. ನಾಲ್ಕು ಥರ್ಡ್ ಎಸಿ ಟಿಕೆಟ್ ನೀರಿಗೆ ಹೋಯಿತು. ಅದೇ ಮುಂಚೆ ತೆಗೆದ ಸಾಮಾನ್ಯ ಟಿಕೆಟ್ ಆಗಿದ್ದರೆ ಒಂದಿಷ್ಟಾದರೂ ಬರುತ್ತಿತ್ತು. ಈಗ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಆ ದಿನಾನೇ ಕೂತು ತೆಗೆಯಿರಿ.

ಹುಬ್ಬಳ್ಳಿ, ನವನಗರ

ವಿದ್ಯಾನಗರದವರು ರೈಲು ಹಿಡಿದು ಕಷ್ಟಪಟ್ಟರು. ನಮ್ಮ ಕಡೆಯಿಂದ ಬಸ್ಸೇ ಸರಿ. ಬಸ್ ತುಮಕೂರು ರಸ್ತೆಯಿಂದ ಊರೊಳಗೆ ಬರುತ್ತದೆ. ಮೆಟ್ರೋ ಅದೇ ರಸ್ತೆಯ ಮೇಲಿದೆ. ಜಾಲಹಳ್ಳಿಯಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಮೆಟ್ರೋ ಹತ್ತಿದರೆ ಆಟೋದವರ ಮುಖ ನೋಡುವ ಕೆಲಸವೇ ಇಲ್ಲ. ನಾನು ಏಳೆಂಟು ಸಲ ಹೀಗೇ ಹೋಗಿದ್ದೇನೆ.

ಒಂದು ಸಲ ಮಾತ್ರ ತಪ್ಪಾಯಿತು. ಅದನ್ನೂ ಹೇಳಬೇಕು. ಭಾನುವಾರ ಬೆಳಗ್ಗೆ 4:50ಕ್ಕೆ ಇಳಿದೆ. ಭಾನುವಾರ ಮೆಟ್ರೋ 7ಕ್ಕೆ ಶುರು. ಹೆಂಡತಿ, ಮಗು, ಮೂರು ಬ್ಯಾಗು ಜೊತೆ ಫ್ಲೈಓವರ್ ಕೆಳಗೆ ಎರಡು ತಾಸು. ಚಹಾ, ಬಿಸ್ಕತ್ತು, ಮತ್ತೆ ಚಹಾ, ಶೌಚಾಲಯ ಬೇಕೆಂದು ಹೋಟೆಲ್ ತೆರೆಯುವವರೆಗೆ ಕಾದು ಅಲ್ಲಿ ಇಡ್ಲಿ, ಒಟ್ಟು 310 ರೂಪಾಯಿ.

ಮೆಟ್ರೋ ಈಗ ಅಗ್ಗವೂ ಅಲ್ಲ. 2025ರ ಫೆಬ್ರವರಿಯಲ್ಲಿ ಅತಿ ಹೆಚ್ಚಿನ ದರ 60ರಿಂದ 90ಕ್ಕೆ ಹೋಯಿತು. ಒಬ್ಬರೇ ಹೋಗುವಾಗ ಗೊತ್ತಾಗುವುದಿಲ್ಲ. ನಾಲ್ಕೈದು ಜನ ಆದಾಗ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದಾಗ ಗೊತ್ತಾಗುತ್ತದೆ. ನಾವು ಸಂಬಂಧಿಕರ ಜೊತೆ ಆರು ಜನ ಒಂದೇ ದಿನ ಮೆಟ್ರೋಗೆ 960 ಕೊಟ್ಟೆವು. ಸ್ಮಾರ್ಟ್ ಕಾರ್ಡ್‌ನಲ್ಲಿ 5% ಕಡಿಮೆ, ಆದರೆ ಒಂದು ಕಾರ್ಡ್‌ನಲ್ಲಿ ಒಬ್ಬರೇ ಹೋಗಬಹುದು.

ಹುಬ್ಬಳ್ಳಿ, ವಿದ್ಯಾನಗರ

ಬಸ್ಸೇ ಸರಿ ಎನ್ನುವವರು ದೀಪಾವಳಿ ವಾರದ ಖಾಸಗಿ ಬಸ್ ದರ ಯಾಕೆ ಹೇಳುವುದಿಲ್ಲ? ನನ್ನ ತಮ್ಮ 750ರ ಸೀಟಿಗೆ 2,100 ಕೊಟ್ಟು ಬಂದ. ಮಾಮೂಲಿ ರೈಲಿನಲ್ಲಿ ಸ್ಲೀಪರ್‌ಗೆ ಹಬ್ಬಕ್ಕೊಂದು ದರ, ಅಮಾವಾಸ್ಯೆಗೊಂದು ದರ ಇಲ್ಲ.

ಹುಬ್ಬಳ್ಳಿ, ನವನಗರ

ಸರ್ಕಾರಿ ಬಸ್ಸಿಗೆ ಮುಂಚೆ ಬುಕ್ ಮಾಡಬೇಕಿತ್ತು. ಅದು ನಿಮ್ಮ ತಮ್ಮನ ತಪ್ಪು, ಬಸ್ಸಿನದ್ದಲ್ಲ.

ಧಾರವಾಡ, ಸಪ್ತಾಪುರ

ಬಸ್ಸು ರೈಲಿನ ಜಗಳ ಬಿಡಿ. ನಾನು ನಿವೃತ್ತ ಶಿಕ್ಷಕಿ. ಲೆಕ್ಕ ಬರೆದಿಡುವ ಅಭ್ಯಾಸ 35 ವರ್ಷದ್ದು. "ಬೆಂಗಳೂರಿನಲ್ಲಿ ನಮ್ಮವರಿದ್ದಾರೆ, ಉಳಿಯುವ ಖರ್ಚಿಲ್ಲ" ಎನ್ನುವುದೇ ಎಲ್ಲಕ್ಕಿಂತ ದೊಡ್ಡ ಮರೆತ ಖರ್ಚು. ಹೋದ ಬೇಸಿಗೆಯ ಪುಟ ತೆಗೆದು ಬರೆಯುತ್ತಿದ್ದೇನೆ.

ಯಲಹಂಕದಲ್ಲಿ ನಮ್ಮ ನಾದಿನಿ ಮನೆ. ಬರಿಗೈಯಲ್ಲಿ ಹೋಗಲಾಗುವುದಿಲ್ಲ. ಪೇಢಾ ಮೂರು ಕಿಲೋ 1,650. ಹಣ್ಣು ಹೂವು 420. ಇಬ್ಬರು ಮಕ್ಕಳ ಕೈಗೆ 500ರಂತೆ 1,000. ಮನೆ ಕೆಲಸದವರಿಗೆ 200. ಯಲಹಂಕಕ್ಕೆ ಮೆಟ್ರೋ ಇಲ್ಲ. ಬಸ್ಸಿನಲ್ಲಿ ಹೋಗಲು ನಮ್ಮ ಯಜಮಾನರಿಗೆ ಆಗುವುದಿಲ್ಲ. ಮೂರು ದಿನ ಊರೊಳಗೆ ಹೋಗಿ ಬರಲು ಕ್ಯಾಬ್ 3,900. ಕೊನೆಯ ರಾತ್ರಿ ಅವರನ್ನೆಲ್ಲ ಊಟಕ್ಕೆ ಕರೆದುಕೊಂಡು ಹೋಗದಿದ್ದರೆ ಚೆನ್ನಾಗಿರುವುದಿಲ್ಲ. ಅದು 2,860. ಒಟ್ಟು 10,030.

ಇದೇ ಮೂರು ರಾತ್ರಿಗೆ ಊರ ನಡುವೆ 1,600ರ ಎರಡು ರೂಮ್ ಹಿಡಿದಿದ್ದರೆ 9,600 ಆಗುತ್ತಿತ್ತು. ನಮ್ಮ ಹೊತ್ತಿಗೆ ಏಳಬಹುದಿತ್ತು, ನಮ್ಮ ಹೊತ್ತಿಗೆ ಮಲಗಬಹುದಿತ್ತು. ಹೊರಡುವಾಗ ನಾದಿನಿ ಒಂದು ಸೀರೆ ಕೊಟ್ಟಳು. ಅದಕ್ಕೆ ಸರಿಯಾದದ್ದನ್ನು ದಸರೆಗೆ ನಾನು ಕೊಡಬೇಕಾಯಿತು. ಅದನ್ನು ಇಲ್ಲಿ ಸೇರಿಸಿಲ್ಲ.

ಹುಬ್ಬಳ್ಳಿ, ಕೇಶ್ವಾಪುರ

ಟೀಚರ್, ಇದನ್ನು ಓದಿ ನನಗೆ ಬೇಜಾರಾಯಿತು. ನಾದಿನಿಯ ಮನೆಯನ್ನು ಲಾಡ್ಜ್ ಜೊತೆ ತೂಗುತ್ತೀರಾ?

ನಮ್ಮ ಅಪ್ಪನಿಗೆ ಕ್ಯಾನ್ಸರ್. ಬೆಂಗಳೂರಿನಲ್ಲಿ 23 ದಿನ ಇದ್ದೆವು. ಚಿಕ್ಕಮ್ಮನ ಮಗ ತನ್ನ ಮಲಗುವ ಕೋಣೆ ನಮಗೆ ಬಿಟ್ಟು ಹಾಲ್‌ನಲ್ಲಿ ಮಲಗಿದ. ಅವನ ಹೆಂಡತಿ ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುತ್ತಿದ್ದಳು. ಒಂದು ಪೈಸೆ ಮುಟ್ಟಲಿಲ್ಲ. ಪೇಢಾ ತಂದರೆ "ಯಾಕೆ ತಂದಿರಿ" ಎಂದು ಬೈದ.

ಆದರೂ ರೊಕ್ಕ ಹೋಯಿತು. ಹೇಗೆ ಎಂದು ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಆಸ್ಪತ್ರೆಯ ಬಿಲ್ ನಮಗೆ ಗೊತ್ತಿತ್ತು, ಅದಕ್ಕೆ ತಯಾರಿದ್ದೆವು. ಗೊತ್ತಿಲ್ಲದ್ದು ಬೇರೆ. ದಿನಾ ಜೆರಾಕ್ಸ್: ಆಧಾರ್, ರೇಷನ್ ಕಾರ್ಡ್, ಹಳೇ ರಿಪೋರ್ಟ್, ಪ್ರತಿ ಕೌಂಟರ್‌ಗೂ ಒಂದೊಂದು ಸೆಟ್. 23 ದಿನಕ್ಕೆ ಜೆರಾಕ್ಸ್‌ಗೇ 1,180 ಆಯಿತು. ಕಾಯುವವರ ಚಹಾ ತಿಂಡಿ. ರಾತ್ರಿ ಹೊದೆಯಲು ಹೊಸ ಕಂಬಳಿ 900. ಮೊಬೈಲ್ ಚಾರ್ಜ್ ಆಗುವುದಿಲ್ಲವೆಂದು ಪವರ್ ಬ್ಯಾಂಕ್ 1,100. ನೋಡಲು ಊರಿನಿಂದ ಬಂದವರ ಊಟ. ಅವರಿಗೆ ಬೇಡ ಎನ್ನಲಾಗುವುದಿಲ್ಲ, ಅವರೂ ಬಸ್ ಚಾರ್ಜ್ ಹಾಕಿಕೊಂಡೇ ಬಂದವರು. ಮತ್ತು ಇಲ್ಲಿ ನಮ್ಮ ಅಂಗಡಿ 23 ದಿನ ಮುಚ್ಚಿತ್ತು. ಆ ಲೆಕ್ಕ ಯಾರೂ ಬರೆಯುವುದಿಲ್ಲ.

ಅಪ್ಪ ಈಗಿಲ್ಲ. ಚಿಕ್ಕಮ್ಮನ ಮಗನ ಋಣ ಇದೆ. ಅದಕ್ಕೇ ಹೇಳಿದೆ.

ಧಾರವಾಡ, ಸಪ್ತಾಪುರ

ತಾಯಿ, ನಿಮ್ಮ ಅಪ್ಪನ ವಿಷಯ ಓದಿ ಮನಸ್ಸು ಭಾರವಾಯಿತು. ಕಷ್ಟದಲ್ಲಿ ಆದವರು ಬೇರೆ. ನಾನು ಹೇಳಿದ್ದು ತಿರುಗಾಟಕ್ಕೆ ಹೋದದ್ದು. ನನ್ನ ನಾದಿನಿಯ ಮೇಲೆ ನನಗೆ ಪ್ರೀತಿ ಇದೆ. ನನ್ನ ಪಿಂಚಣಿಗೂ ಒಂದು ಅಳತೆ ಇದೆ. ಎರಡೂ ನಿಜ.

ಬ್ಯಾಡಗಿ

ನಾನು ಮೆಣಸಿನಕಾಯಿ ವ್ಯಾಪಾರಿ. ವರ್ಷಕ್ಕೆ ನಾಲ್ಕು ಸಲ ಮುಂಬೈ. ಬೆಂಗಳೂರಿಗಿಂತ ಮುಂಬೈ ಸೋವಿ ಎಂದು ಎದೆ ತಟ್ಟಿ ಹೇಳುತ್ತೇನೆ. ಅಲ್ಲಿ ಟ್ಯಾಕ್ಸಿಯವರು ಮೀಟರ್ ಹಾಕುತ್ತಾರೆ. 2025ರ ಫೆಬ್ರವರಿಯಿಂದ ಕಪ್ಪು ಹಳದಿ ಟ್ಯಾಕ್ಸಿಗೆ ಶುರುವಾಗುವುದು 31ಕ್ಕೆ, ಆಟೋಗೆ 26ಕ್ಕೆ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್‌ನಲ್ಲಿ ಎಷ್ಟು ದೂರ ಹೋದರೂ ಬೆಂಗಳೂರು ಮೆಟ್ರೋದ ಹತ್ತಿರಕ್ಕೆ ಬರುವುದಿಲ್ಲ.

ಅಲ್ಲಿ ಪೆಟ್ಟು ಬೀಳುವುದು ಬೇರೆ ಜಾಗದಲ್ಲಿ. ಒಂದು, ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ. ಮನೆಯವರನ್ನು ಮೊದಲ ಸಲ ಕರೆದುಕೊಂಡು ಹೋದಾಗ ಆಟೋದಿಂದ ಇಳಿದು ಸಾಮಾನು ಟ್ಯಾಕ್ಸಿಗೆ ಹಾಕಿದೆವು. ಎರಡು, ಗದ್ದಲದಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದ್ದು. ನಾಲ್ಕು ಜನ, ತಲೆಗೆ 250 ದಂಡ, ಮೇಲೆ ಟಿಕೆಟ್ ವ್ಯತ್ಯಾಸ. ನಿಂತ ನಿಲುವಿನಲ್ಲಿ ಸಾವಿರಕ್ಕೂ ಮೇಲೆ. ಮಗಳು ಅತ್ತಳು. ಡಬ್ಬಿಯ ಮೇಲಿನ ಪಟ್ಟೆ ನೋಡಿ ಹತ್ತಬೇಕು.

ರಾಣೆಬೆನ್ನೂರು

ಹಾವೇರಿಯವರು ಕೇಳಿದ್ದು ಬೆಂಗಳೂರು. ಮುಂಬೈ ಪುರಾಣ ಯಾಕೆ?

ಬ್ಯಾಡಗಿ

ನೀವು ಬಂದು ಹೇಳಿದ್ದು ದಾವಣಗೆರೆ ಬಸ್ ದರ. ನನ್ನದು ದೊಡ್ಡ ಊರಿನ ಅನುಭವವಾದರೂ ಹೌದು.

ಲಕ್ಷ್ಮೇಶ್ವರ

ಎಲ್ಲರೂ ಓಡಾಟದ್ದೇ ಹೇಳುತ್ತಿದ್ದೀರಿ. ಹೊಟ್ಟೆಯದ್ದು ಯಾರೂ ಹೇಳಲಿಲ್ಲ.

ನಾನು 60 ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ ಕಟ್ಟಿಕೊಂಡು ಹೋದೆ. ಬೆಳಗಿನ ತಿಂಡಿ ಹೋಟೆಲ್‌ನಲ್ಲಿ, ರಾತ್ರಿ ಬುತ್ತಿ. ಮೊಸರು ಮಾತ್ರ ಕೊಳ್ಳುವುದು. ಐದು ಜನಕ್ಕೆ ಮೂರು ರಾತ್ರಿ ಊಟ 210 ರೂಪಾಯಿಯಲ್ಲಿ ಮುಗಿಯಿತು. ಅದೇ ಹೋಟೆಲ್ ಆದರೆ ಒಂದು ರಾತ್ರಿಗೇ ಸಾವಿರ.

ನಾನು ಸೋತದ್ದು ನೀರಿನಲ್ಲಿ. ಬೇಸಿಗೆ. ಲೀಟರ್ ಬಾಟಲಿ 20. ದಿನಕ್ಕೆ ತಲೆಗೆ ಮೂರು ಅಂದರೂ ಐದು ಜನ, ಮೂರು ದಿನ, 45 ಬಾಟಲಿ, 900 ರೂಪಾಯಿ. ಊಟಕ್ಕಿಂತ ನೀರಿಗೆ ನಾಲ್ಕು ಪಟ್ಟು! ಎರಡನೇ ಸಲ ಹೋದಾಗ ಐದು ಲೀಟರ್ ಕ್ಯಾನ್ ಒಯ್ದು ಬೆಳಗ್ಗೆ ಹೋಟೆಲ್‌ನ ಫಿಲ್ಟರ್ ನೀರು ತುಂಬಿಸಿಕೊಂಡೆ.

ಹುಬ್ಬಳ್ಳಿ, ನವನಗರ

ಮಕ್ಕಳನ್ನು ಅಷ್ಟು ದೂರ ಕರೆದುಕೊಂಡು ಹೋಗಿ ರೂಮಿನಲ್ಲಿ ಒಣ ರೊಟ್ಟಿ ತಿನ್ನಿಸುವುದು ಸರಿ ಕಾಣುವುದಿಲ್ಲ. ಅವರಿಗೂ ಒಂದು ಆಸೆ ಇರುತ್ತದೆ.

ಲಕ್ಷ್ಮೇಶ್ವರ

ನನ್ನ ಮಕ್ಕಳು ಮಧ್ಯಾಹ್ನ ಮಸಾಲೆ ದೋಸೆ ತಿಂದರು, ಐಸ್‌ಕ್ರೀಮ್ ತಿಂದರು. ಉಳಿಸಿದ ರೊಕ್ಕದಲ್ಲಿ ಮಗನಿಗೆ ಮ್ಯೂಸಿಯಂ ಅಂಗಡಿಯಲ್ಲಿ ಒಂದು ಆಟದ ಕಿಟ್ ಕೊಡಿಸಿದೆ. ಅದನ್ನು ಇವತ್ತಿಗೂ ಬಿಚ್ಚಿ ಜೋಡಿಸುತ್ತಾನೆ. ನಮ್ಮ ರೊಟ್ಟಿಯನ್ನು ಯಾರೂ ಕೀಳು ಮಾಡಬೇಡಿ.

ಹುಬ್ಬಳ್ಳಿ, ವಿದ್ಯಾನಗರ

ಹೋಟೆಲ್ ಎಂದಾಗ ನೆನಪಾಯಿತು. ದೊಡ್ಡ ಹೋಟೆಲ್‌ಗೆ ಹೋದರೆ ಬಿಲ್‌ನ ಕೆಳಗಿನ ಸಾಲು ನೋಡಿ. ನಮಗೆ 10% ಸರ್ವಿಸ್ ಚಾರ್ಜ್ ಹಾಕಿದ್ದರು. 5% ಜಿಎಸ್‌ಟಿ ಬೇರೆ. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಎಂದು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ನಾನು ಅದನ್ನೇ ಹೇಳಿದೆ. ಮ್ಯಾನೇಜರ್ ಬಂದರು, ಮಾತಾಯಿತು, 234 ರೂಪಾಯಿ ತೆಗೆದರು. ಇಡೀ ಟ್ರಿಪ್‌ನಲ್ಲಿ ನಾನು ಗೆದ್ದದ್ದು ಅದೊಂದೇ.

ಧಾರವಾಡ, ಲೈನ್ ಬಜಾರ್ ಹತ್ತಿರ

ಟೀಚರ್ ಮೂರು ಕಿಲೋ ಪೇಢಾಕ್ಕೆ 1,650 ಕೊಟ್ಟೆ ಅನ್ನುತ್ತಾರೆ. ಎಲ್ಲಿ ತಗೊಂಡಿರಿ? ಹುಬ್ಬಳ್ಳಿ ಸ್ಟೇಷನ್ ಹತ್ತಿರ ಡಬ್ಬಿಯಲ್ಲಿ ಸಿಗುವುದನ್ನು ಧಾರವಾಡ ಪೇಢಾ ಎಂದು ಕೊಡಬೇಡಿ. ಸಕ್ಕರೆ ಪುಡಿ ಹೊರಳಿಸಿದ್ದೆಲ್ಲ ಧಾರವಾಡದ್ದಾಗುವುದಿಲ್ಲ.

ಹುಬ್ಬಳ್ಳಿ, ಕೇಶ್ವಾಪುರ

ಹುಬ್ಬಳ್ಳಿಯಲ್ಲಿ ಒಳ್ಳೆಯ ಪೇಢಾ ಸಿಗುವುದಿಲ್ಲ ಎಂದು ಯಾರು ಹೇಳಿದರು? ನಮ್ಮ ಅಜ್ಜನ ಕಾಲದಿಂದ ನಾವು ಇಲ್ಲೇ ತಗೊಳ್ಳುತ್ತೇವೆ.

ಧಾರವಾಡ, ಸಪ್ತಾಪುರ

ನಾನು ಧಾರವಾಡದವಳು. ಧಾರವಾಡದಲ್ಲೇ ತಗೊಂಡೆ. ಸಾಲಿನಲ್ಲಿ ನಿಂತು ತಗೊಂಡೆ.

ನರಗುಂದ

ಇಷ್ಟು ಜನ ಬರೆದಿದ್ದೀರಿ, ಯಾರೂ ಅವರ ಪ್ರಶ್ನೆ ಸರಿಯಾಗಿ ಓದಿಲ್ಲ. ಅವರು ಮಂಗಳವಾರ ಬನ್ನೇರುಘಟ್ಟ ಅಂದಿದ್ದಾರೆ. ಮಂಗಳವಾರ ಅದಕ್ಕೆ ವಾರದ ರಜೆ!

ನನಗೆ ಹೇಗೆ ಗೊತ್ತು ಅಂದರೆ, ಹೋದ ಆಗಸ್ಟ್‌ನಲ್ಲಿ ನಾನೇ ಹೋಗಿ ನಿಂತಿದ್ದೆ. ಮಲ್ಲೇಶ್ವರದಿಂದ ದೊಡ್ಡ ಕ್ಯಾಬ್, ಹೋಗಲು 1,450, ಒಂದೂ ಮುಕ್ಕಾಲು ತಾಸು ಟ್ರಾಫಿಕ್. ಗೇಟಿಗೆ ಬೀಗ. ಮಕ್ಕಳು ರಾತ್ರಿಯೆಲ್ಲಾ ಹುಲಿ ಹುಲಿ ಎಂದು ಮಲಗಿದವರು. ಬರಲು ಬೇರೆ ಕ್ಯಾಬ್ 1,400. ಒಟ್ಟು 2,850 ಕೊಟ್ಟು ಒಂದು ಬೀಗ ನೋಡಿ ಬಂದೆವು. ಆ ದಿನವೂ ಹೋಯಿತು. ಮೂರು ದಿನದ ಟ್ರಿಪ್‌ನಲ್ಲಿ ಒಂದು ದಿನ ಅಂದರೆ ರೂಮ್ ಬಾಡಿಗೆಯ ಮೂರನೇ ಒಂದು ಪಾಲೂ ಹೋದಂತೆ. ಮೈಸೂರು ಮೃಗಾಲಯಕ್ಕೂ ಮಂಗಳವಾರವೇ ರಜೆ, ನೆನಪಿಡಿ.

ಹುಬ್ಬಳ್ಳಿ, ನವನಗರ

ಬುಧವಾರಕ್ಕೆ ಹಾಕಿಕೊಂಡರೆ ರಾತ್ರಿ ರೈಲು ತಪ್ಪುತ್ತದೆ. ಬನ್ನೇರುಘಟ್ಟ ರಸ್ತೆಯ ಸಂಜೆ ಟ್ರಾಫಿಕ್ ನಿಮಗೆ ಗೊತ್ತಿಲ್ಲ.

ನರಗುಂದ

ಬೆಳಗ್ಗೆ ಹೋಗಿ ಎರಡು ಗಂಟೆಗೆ ಹೊರಟರೆ ಯಾವ ರೈಲೂ ತಪ್ಪುವುದಿಲ್ಲ. ಅವರಿಗೆ ಸುಮ್ನೆ ಹೆದರಿಸಬೇಡಿ.

ಹಾವೇರಿಯಿಂದ ಕೇಳಿದವರು

ನರಗುಂದದವರಿಗೆ ಕೈ ಮುಗಿಯುತ್ತೇನೆ. ಮ್ಯೂಸಿಯಂ ಮಂಗಳವಾರಕ್ಕೆ, ಬನ್ನೇರುಘಟ್ಟ ಬುಧವಾರ ಬೆಳಗ್ಗೆ. ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ಹೊರಡುತ್ತೇವೆ. ನಮ್ಮ ರೈಲು ಮೆಜೆಸ್ಟಿಕ್‌ಗೇ ಹೋಗುತ್ತದೆ, ಈಗಷ್ಟೇ ಟಿಕೆಟ್ ತೆಗೆದು ನೋಡಿದೆ. ಲಾಡ್ಜ್‌ಗೆ ಫೋನ್ ಮಾಡಿದೆ. ಬೆಳಗ್ಗೆ ಬೇಗ ಬಂದರೆ 500 ಜಾಸ್ತಿ ಅಂದರು. ಅದನ್ನು ಬರೆದುಕೊಂಡೆ. ನೀರಿನ ಕ್ಯಾನ್ ತೆಗೆದಿಟ್ಟೆ. ರೊಟ್ಟಿ 40 ಸಾಕು ಅನ್ನಿಸುತ್ತದೆ.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಕೇಶ್ವಾಪುರದವರು ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಅವರ ತಮ್ಮ ಕೆಂಗೇರಿಯಲ್ಲಿದ್ದಾರೆ, ನೋಡಿ ಆರು ವರ್ಷವಾಯಿತಂತೆ. ಅಷ್ಟು ದೂರ ಹೋಗಿ ಅವನನ್ನು ನೋಡದೆ ಬರುವುದಾ ಎಂದು ಕೇಳಿದರು. ಹಾಗಾಗಿ ಮಂಗಳವಾರ ಸಂಜೆ ಕೆಂಗೇರಿ. ಐದು ಜನರ ಮೆಟ್ರೋ, ಎರಡು ಕಿಲೋ ಪೇಢಾ, ಮಕ್ಕಳ ಕೈಗೆ ಕೊಡುವುದು ಎಂದು ಇನ್ನೊಂದು 2,500 ಸೇರಿಸಿದೆ.